ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ

ಪುಸ್ತಕ ಕಂಡರೆ ಮುಖ ತಿರುಗಿಸುವ ಮಗುವಿಗೆ ‘ಓದು, ಓದು’ ಎಂದು ಹೇಳುವುದನ್ನು ಸ್ವಲ್ಪ ಕಾಲ ನಿಲ್ಲಿಸಿ. ಅದರ ಪಕ್ಕದಲ್ಲಿ ಕೂತು ನೀವೇ ಗಟ್ಟಿಯಾಗಿ ಓದಿ. ಓದಿನ ರುಚಿ ಮೊದಲು ಹತ್ತುವುದು ಕಿವಿಗೆ. ಅಕ್ಷರ ಬಾರದ ಎಷ್ಟೋ ಮಂದಿ ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ಜಗಲಿಯ ಮೇಲೆ, ಗುಡಿಯ ಅಂಗಳದಲ್ಲಿ ಕೇಳಿಯೇ ಸವಿದ ನಾಡು ನಮ್ಮದು. ಹೀಗೆ ಕಾವ್ಯ ಕೇಳಿಸುವ ಕಲೆಯಾದ ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ. ಪದ್ಯದ ಸ್ವಾರಸ್ಯವನ್ನು ಬಿಡಿಸಿ ಹೇಳಿ ಮುಂದಕ್ಕೆ ಹೋಗುತ್ತಾರೆ; ಕೇಳಿದವರಿಗೆ ಪರೀಕ್ಷೆ ಒಡ್ಡುವುದಿಲ್ಲ. ಮನೆಯಲ್ಲಿ ಆ ಎರಡೂ ಕೆಲಸ ನಿಮ್ಮದು.

ಓದಲೊಲ್ಲದ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಕತೆ ಬೇಡವಾಗಿರುವುದಿಲ್ಲ, ಅಕ್ಷರ ಕೂಡಿಸುವ ಶ್ರಮ ಬೇಡವಾಗಿರುತ್ತದೆ. ಎಂಟು ವರ್ಷದ ಮಗು ಕೇಳಿ ಅರ್ಥಮಾಡಿಕೊಳ್ಳಬಲ್ಲ ಕತೆ ದೊಡ್ಡದು, ತಾನಾಗಿ ಓದಬಲ್ಲದ್ದು ತೀರ ಚಿಕ್ಕದು. ಒತ್ತಕ್ಷರದ ಹತ್ತಿರ ತಡವರಿಸಿ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಸಾಲಿನ ಮೊದಲು ಏನಿತ್ತೆಂಬುದೇ ಮರೆತುಹೋಗಿರುತ್ತದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗಂತೂ ಕನ್ನಡದಲ್ಲಿ ಈ ಕಷ್ಟ ಇಮ್ಮಡಿ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಗಟ್ಟಿಯಾಗಿ ಓದಿ ಹೇಳಿದಾಗ ಆ ಶ್ರಮ ನಿಮ್ಮ ಪಾಲಿಗೆ ಬರುತ್ತದೆ, ಕತೆ ಪೂರ್ತಿ ಮಗುವಿನ ಪಾಲಿಗೆ.

ಮೊದಲ ಪುಸ್ತಕ ಯಾವುದು ಎಂದು ಕೇಳಿದರೆ ನಾನು ಅನುಮಾನವಿಲ್ಲದೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಎನ್ನುತ್ತೇನೆ. ಮೂಲ ಕತೆ ಜರ್ಮನಿಯ ಹ್ಯಾಮೆಲಿನ್ ಊರಿನದು. ಕುವೆಂಪು ಅವರಿಗೆ ಅದು ಬಂದದ್ದು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವಿತೆಯಿಂದ. ಕುವೆಂಪು ಕೈಯಲ್ಲಿ ಅದು ಅಪ್ಪಟ ಕನ್ನಡದ ಊರಿನ ಕತೆಯಾಯಿತು. ಇದನ್ನು ಒಂದೇ ವೇಗದಲ್ಲಿ ಓದಬೇಡಿ. ಊರಿನ ವರ್ಣನೆಗೆ ನಿಧಾನ ಸಾಕು. ಇಲಿಗಳು ಓಡಿಬರುವಲ್ಲಿ ಉಸಿರು ಕಟ್ಟುವಂತೆ ವೇಗ ಹೆಚ್ಚಿಸಿ. ಅಲ್ಲಿ ಪದಗಳೇ ಇಲಿಗಳ ಹಾಗೆ ಒಂದರ ಹಿಂದೊಂದು ನುಗ್ಗುತ್ತವೆ. ಎರಡನೆಯ ಸಲ ಓದುವಾಗ ಪ್ರಾಸದ ಪದ ಬರುವ ಮುಂಚೆ ಒಂದು ಕ್ಷಣ ನಿಲ್ಲಿಸಿ. ಆ ಪದವನ್ನು ಮಗುವೇ ಕೂಗಿ ಹೇಳುತ್ತದೆ. ಮೂರನೆಯ ಸಲ ಸಾಲಿನ ಕೆಳಗೆ ಬೆರಳಾಡಿಸುತ್ತ ಓದಿ. ಬಾಯಿಪಾಠವಾದ ಪದ್ಯದಲ್ಲಿ ಒತ್ತಕ್ಷರ ಹೆದರಿಸುವುದಿಲ್ಲ. ಇಲಿಗಳನ್ನು ಓಡಿಸಿದ ಜೋಗಿಗೆ ಊರು ಕೊಟ್ಟ ಮಾತು ತಪ್ಪುತ್ತದೆ; ಕೊನೆಯಲ್ಲಿ ಅವನ ಹಿಂದೆ ಮಕ್ಕಳು ಹೊರಟುಹೋಗುತ್ತಾರೆ. ಅಲ್ಲಿ ಮಗು ಸುಮ್ಮನಾದರೆ ನೀವೂ ಸುಮ್ಮನಿರಿ. ‘ಕೊಟ್ಟ ಮಾತು ತಪ್ಪಬಾರದು, ಗೊತ್ತಾಯಿತಾ?’ ಎಂದಿರೋ, ಕವಿತೆ ಅಲ್ಲಿಗೆ ಪಾಠವಾಗಿಬಿಡುತ್ತದೆ.

ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳನ್ನೂ ಪಂಜೆ ಮಂಗೇಶರಾಯರ ಕತೆಗಳನ್ನೂ ಹೀಗೇ ಓದಬಹುದು. ಪಂಜೆಯವರು ಕರಾವಳಿಯವರು, ಯಾವುದಾದರೂ ಪದ ಮಗುವಿಗೆ ಅಪರಿಚಿತವಾದರೆ, ನಿಮ್ಮ ಮನೆ ಕಲಬುರಗಿಯಲ್ಲಿದ್ದರೆ ಅಲ್ಲಿನ ಅಜ್ಜಿ ತಮ್ಮ ಮಾತಿನಲ್ಲೇ ಬಿಡಿಸಿ ಹೇಳಲಿ. ವ್ಯಾಖ್ಯಾನವೆಂದರೆ ಅದೇ.

ಹತ್ತು ದಾಟಿದ ಮಕ್ಕಳಿಗೆ ಪ್ರಾಸ ಸಾಲದು. ಅವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಹಿಡಿಸುತ್ತದೆ: ಕಾಡು, ಹಕ್ಕಿ, ಶಿಕಾರಿ, ಕಿವಿ ಎಂಬ ನಾಯಿ. ಇನ್ನೂ ಸ್ವಲ್ಪ ದೊಡ್ಡವರಾದ ಮೇಲೆ ಅವರದೇ ಕಾದಂಬರಿ ‘ಕರ್ವಾಲೊ’. ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಕ್ಕ ಭಾಗಕ್ಕೆ ಬಂದಾಗ ನೀರು ಕುಡಿಯಲೆಂದು ಎದ್ದು ಹೋಗಿ. ಪುಸ್ತಕ ಅಲ್ಲೇ ತೆರೆದಿರಲಿ. ನೀವು ಬರುವವರೆಗೆ ಕಾಯದ ಮಗು ಎರಡು ಸಾಲು ತಾನೇ ಓದಿದ್ದರೆ ಕೆಲಸ ಅರ್ಧ ಆದಂತೆ. ಅದಕ್ಕೆ ಚಪ್ಪಾಳೆಯೂ ಬೇಡ, ಬಹುಮಾನವೂ ಬೇಡ.

ಫ್ರೆಂಚ್ ಲೇಖಕ, ಶಾಲಾ ಮೇಷ್ಟ್ರೂ ಆಗಿದ್ದ ಡೇನಿಯಲ್ ಪೆನಾಕ್ 1992ರ ಒಂದು ಪುಸ್ತಕದಲ್ಲಿ ಓದುಗರಿಗೆ ಹತ್ತು ಹಕ್ಕುಗಳಿವೆ ಎಂದ. ಓದದೆ ಇರುವುದು, ಪುಟ ಹಾರಿಸುವುದು, ಪುಸ್ತಕವನ್ನು ಅರ್ಧಕ್ಕೆ ಬಿಡುವುದು, ಓದಿದ್ದರ ಬಗ್ಗೆ ಮಾತಾಡದೆ ಇರುವುದು ಅವುಗಳಲ್ಲಿ ಸೇರಿವೆ. ದೊಡ್ಡವರು ದಿನವೂ ಚಲಾಯಿಸುವ ಹಕ್ಕುಗಳಿವು. ಮಕ್ಕಳಿಗೆ ಕೊಡಲು ಮಾತ್ರ ನಮಗೆ ಮನಸ್ಸು ಬರುವುದಿಲ್ಲ. ಮಕ್ಕಳ ಪತ್ರಿಕೆ ‘ಬಾಲಮಂಗಳ’ದ ಡಿಂಗನೂ ಓದೇ, ಕ್ರಿಕೆಟ್ ಪುಟವೂ ಓದೇ. ಚಿತ್ರಕತೆಯಲ್ಲಿ ಚಿತ್ರವನ್ನಷ್ಟೇ ನೋಡುವ ಮಗು ಕೂಡ ಕತೆ ಕಟ್ಟಿಕೊಳ್ಳುತ್ತಿರುತ್ತದೆ; ತಡೆಯಬೇಡಿ.

ಪುಸ್ತಕಕ್ಕೆ ದುಡ್ಡಿಲ್ಲವೆಂದು ಈ ಓದಿ ಹೇಳುವ ಕೆಲಸ ನಿಲ್ಲಬೇಕಾಗಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು, ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದವು, ಉಚಿತವಾಗಿ ಸಿಗುತ್ತವೆ. ಹಳ್ಳಿಯಲ್ಲಿದ್ದರೆ ಪಂಚಾಯಿತಿ ಗ್ರಂಥಾಲಯವಿದೆ: 2020ರ ಮಕ್ಕಳ ದಿನಾಚರಣೆಯಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ಈ ವಾರವೇ ಮಗುವನ್ನು ಕರೆದುಕೊಂಡು ಹೋಗಿ. ಪುಸ್ತಕವನ್ನು ಅದೇ ಆರಿಸಿಕೊಳ್ಳಲಿ, ನಿಮಗೆ ಹಿಡಿಸದಿದ್ದರೂ ಸರಿ. ಆ ರಾತ್ರಿ ಅದನ್ನೇ ಓದಿ ಹೇಳಿ.