ಆನೆ ಕಾಯುವ ಬ್ರೂವರಿ

ಕೋಪನ್‌ಹೇಗನ್ ನಗರದ ವಾಲ್ಬಿ ದಿಣ್ಣೆಯ ಮೇಲೆ ನಾಲ್ಕು ಕಲ್ಲಾನೆಗಳು ನಿಂತಿವೆ. ಬೋರ್ನ್‌ಹೋಮ್ ದ್ವೀಪದ ಗ್ರಾನೈಟಿನಲ್ಲಿ ಕಡೆದ ಆನೆಗಳು. ಅವುಗಳ ಬೆನ್ನ ಮೇಲೆ ಒಂದು ಇಡೀ ಗೋಪುರವೇ ಕೂತಿದೆ. ಇದು ಅರಮನೆಯ ಬಾಗಿಲಲ್ಲ, ಗುಡಿಯ ಬಾಗಿಲೂ ಅಲ್ಲ. ಬಿಯರ್ ತಯಾರಿಸುವ ಕಾರ್ಖಾನೆಯೊಂದರ ಹೆಬ್ಬಾಗಿಲು. 1901ರಲ್ಲಿ ವಾಸ್ತುಶಿಲ್ಪಿ ವಿಲ್ಹೆಲ್ಮ್ ದಾಲೆರುಪ್ ಇದನ್ನು ಕಟ್ಟಿದ. ಆನೆಗಳ ಮಾದರಿ ಮಾಡಿಕೊಟ್ಟವನು ಶಿಲ್ಪಿ ಪೆಡರ್ಸನ್-ದಾನ್. ಹಣ ಸುರಿದವನು ಕಾರ್ಲ್ಸ್‌ಬರ್ಗ್ ಬ್ರೂವರಿ ಮನೆತನದ ಎರಡನೆಯ ತಲೆಮಾರಿನ ಕಾರ್ಲ್ ಯಾಕೊಬ್ಸೆನ್. ರೋಮ್‌ನಲ್ಲಿ ಶಿಲ್ಪಿ ಬರ್ನೀನಿಯ ಯೋಜನೆಯಂತೆ ಮೂಡಿದ, ಬೆನ್ನ ಮೇಲೆ ಶಿಲಾಸ್ತಂಭ ಹೊತ್ತ ಪುಟ್ಟ ಆನೆಯೊಂದಿದೆ. ಕಾರ್ಲ್‌ಗೆ ಈ ಕಲ್ಪನೆ ಬಂದದ್ದು ಅಲ್ಲಿಂದ.

ಹೊಯ್ಸಳರ ಗಜಪಟ್ಟಿಕೆ ನೋಡಿ ಬೆಳೆದವರ ಕಣ್ಣಿಗೆ ಈ ಆನೆಗಳು ತುಸು ಬಿಗಿಯಾಗಿ ಕಂಡಾವು. ನಮ್ಮ ಶಿಲ್ಪಿಗಳ ಆನೆ ಸೊಂಡಿಲಾಡಿಸುತ್ತದೆ, ಮುಂದಿನದರ ಬಾಲ ಹಿಡಿಯುತ್ತದೆ, ಸಾಲಿನಲ್ಲಿದ್ದೂ ತುಂಟತನ ಬಿಡುವುದಿಲ್ಲ. ಇವು ಹಾಗಲ್ಲ, ಕೆಲಸಕ್ಕೆ ನಿಂತ ಆನೆಗಳು. ಆದರೆ ಅವುಗಳ ಪಕ್ಕೆಗೆ ಕಣ್ಣು ಹೋದರೆ ಬೆರಗಾಗುತ್ತದೆ: ಜೂಲಿನ ಮೇಲೆ ಸ್ವಸ್ತಿಕ! ಕಾರ್ಲ್ 1881ರಿಂದಲೇ ಸ್ವಸ್ತಿಕವನ್ನು ತನ್ನ ಬ್ರೂವರಿಯ ಗುರುತಾಗಿ ಬಳಸುತ್ತಿದ್ದ. ಜರ್ಮನಿಯಲ್ಲಿ ಹಿಟ್ಲರ್ ಅದನ್ನು ಕೆಡಿಸಿದ ಮೇಲೆ ಕಂಪನಿ ಸೀಸೆಗಳಿಂದ ಅದನ್ನು ಕೈಬಿಟ್ಟಿತು. ಕಲ್ಲಿನಲ್ಲಿದ್ದುದು ಮಾತ್ರ ಹಾಗೇ ಉಳಿಯಿತು. ಅಳಿಸದೆ ಬಿಟ್ಟದ್ದು ಒಳ್ಳೆಯದೇ ಆಯಿತು ಎನ್ನುವವನು ನಾನು.

ಈ ವೈಭವದ ಹಿಂದೆ ಇರುವವನು ಕಾರ್ಲ್‌ನ ಅಪ್ಪ ಯಾಕೊಬ್ ಕ್ರಿಶ್ಚಿಯನ್ ಯಾಕೊಬ್ಸೆನ್. ಡೆನ್ಮಾರ್ಕಿನ ಅಂದಿನ ಬಿಯರ್ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುತ್ತಿರಲಿಲ್ಲ. ಜರ್ಮನಿಯ ಬವೇರಿಯಾದವರ ಲಾಗರ್ ಬಿಯರ್ ತಣ್ಣನೆಯ ನೆಲಮಾಳಿಗೆಯಲ್ಲಿ ನಿಧಾನವಾಗಿ ಹದಗೊಂಡು ತಿಳಿಯಾಗುತ್ತಿತ್ತು. ಅದರ ಗುಟ್ಟು ಯೀಸ್ಟ್‌ನಲ್ಲಿತ್ತು. 1845ರಲ್ಲಿ ಯಾಕೊಬ್ಸೆನ್ ಮ್ಯೂನಿಕ್ಕಿನ ಸ್ಪಾಟನ್ ಬ್ರೂವರಿಗೆ ಹೋಗಿ ಅಲ್ಲಿನ ಯೀಸ್ಟ್ ಪಡೆದು, ಕುದುರೆಗಾಡಿಯಲ್ಲಿ ಕೋಪನ್‌ಹೇಗನ್ನಿಗೆ ಹೊರಟ. ಗಾಡಿ ನಿಂತಲ್ಲೆಲ್ಲ ಇಳಿದು, ಟೋಪಿ ಇಡುವ ಪೆಟ್ಟಿಗೆಯಲ್ಲಿದ್ದ ಯೀಸ್ಟ್‌ ಪಾತ್ರೆಗೆ ತಣ್ಣೀರು ಹೊಯ್ದು ತಂಪು ಮಾಡಿದನಂತೆ. ನೆರೆಮನೆಯಿಂದ ಹೆಪ್ಪು ತರುವವಳು ಬಟ್ಟಲನ್ನು ಸೆರಗಿನಡಿ ಹಿಡಿದು ನಡೆಯುವ ಎಚ್ಚರ ಇದೇ ಅಲ್ಲವೇ? 1847ರ ನವೆಂಬರಿನಲ್ಲಿ ವಾಲ್ಬಿಯ ಹೊಸ ಬ್ರೂವರಿಯಲ್ಲಿ ಮೊದಲ ಬಿಯರ್ ತಯಾರಿಗಿಟ್ಟರು. ಐದು ವರ್ಷದ ಮಗ ಕಾರ್ಲ್‌ನ ಹೆಸರಿಗೆ ದಿಣ್ಣೆ ಎಂಬರ್ಥದ 'ಬರ್ಗ್' ಸೇರಿಸಿ ಕಾರ್ಲ್ಸ್‌ಬರ್ಗ್ ಎಂದು ಕರೆದರು.

ನನ್ನ ಮಟ್ಟಿಗೆ ಈ ಕಥೆಯ ಅತ್ಯಂತ ಸೊಗಸಾದ ಘಟ್ಟ ಆನೆಬಾಗಿಲಲ್ಲ. ಕಣ್ಣಿಗೆ ಕಾಣದ ಒಂದೇ ಒಂದು ಜೀವಕೋಶ. ಯಾಕೊಬ್ಸೆನ್ ಬ್ರೂವರಿಯ ಪಕ್ಕದಲ್ಲೇ ಪ್ರಯೋಗಾಲಯ ಕಟ್ಟಿಸಿದ್ದ. ಒಮ್ಮೆ ಅವನ ಬಿಯರೇ ಕೆಟ್ಟ ವಾಸನೆ ಹಿಡಿದು ಹಾಳಾಯಿತು. ಪ್ರಯೋಗಾಲಯದಲ್ಲಿದ್ದ ವಿಜ್ಞಾನಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಸೂಕ್ಷ್ಮದರ್ಶಕ ಹಿಡಿದು ಕೂತ. ಒಳ್ಳೆಯ ಯೀಸ್ಟಿನ ಜೊತೆ ಕಾಡು ಯೀಸ್ಟ್ ಬೆರೆತಿದೆ ಎಂಬುದು ಅವನಿಗೆ ಹೊಳೆಯಿತು. ಹಾಗಾದರೆ ಒಂದೇ ಒಳ್ಳೆಯ ಕೋಶವನ್ನು ಬೇರ್ಪಡಿಸಿ, ಅದನ್ನೇ ಬೆಳೆಸಿದರೆ? 1883ರ ನವೆಂಬರಿನಲ್ಲಿ ಹಾಗೆ ಬೆಳೆಸಿದ ಶುದ್ಧ ಯೀಸ್ಟ್ ದೊಡ್ಡ ತೊಟ್ಟಿಗಿಳಿಯಿತು. ಈ ವಿದ್ಯೆಯನ್ನು ಬೀಗ ಹಾಕಿಟ್ಟಿದ್ದರೆ ಯಾಕೊಬ್ಸೆನ್ ಎಷ್ಟು ಗಳಿಸಬಹುದಿತ್ತೋ. ಅವನು ಹಾಗೆ ಮಾಡದೆ ವಿಧಾನವನ್ನು ಪ್ರಕಟಿಸಿದ, ಬೇರೆ ಬ್ರೂವರಿಗಳಿಗೆ ಯೀಸ್ಟನ್ನೂ ಹಂಚಿದ. ತನಗೆ ಹಿಂದೊಮ್ಮೆ ಮ್ಯೂನಿಕ್ಕಿನವರು ಕೊಟ್ಟಿದ್ದರಲ್ಲ! ಆ ಕಾಲದ ಸೀಸೆಯೊಂದು 2013ರಲ್ಲಿ ಹಳೆಯ ನೆಲಮಾಳಿಗೆಯಲ್ಲಿ ಸಿಕ್ಕಿತು. ಅದರಲ್ಲಿ ಜೀವ ಹಿಡಿದಿದ್ದ ಯೀಸ್ಟ್‌ನಿಂದ 2016ರಲ್ಲಿ ಮತ್ತೆ ಬಿಯರ್ ಮಾಡಿ ಕುಡಿದು ನೋಡಿದರು.

ಅದೇ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ಅದೇ 1883ರಲ್ಲಿ ಪದಾರ್ಥದಲ್ಲಿರುವ ಸಾರಜನಕವನ್ನು ಅಳೆಯುವ ವಿಧಾನ ಕಂಡುಕೊಂಡ. ಧಾನ್ಯದಲ್ಲಿ, ಹಾಲಿನಲ್ಲಿ ಎಷ್ಟು ಪ್ರೊಟೀನ್ ಇದೆ ಎಂದು ಇಂದಿಗೂ ಆ ವಿಧಾನದಿಂದ ಲೆಕ್ಕ ಹಾಕುತ್ತಾರೆ. 1909ರಲ್ಲಿ ಸೊರೆನ್ಸೆನ್ ಎಂಬವನು ಆಮ್ಲ-ಕ್ಷಾರಗಳನ್ನು ಅಳೆಯುವ ಪಿಎಚ್ ಮಾನ ಕೊಟ್ಟ. ಮಂಡ್ಯದಲ್ಲೋ ಹಾವೇರಿಯಲ್ಲೋ ಮಣ್ಣು ಪರೀಕ್ಷೆ ಮಾಡಿಸಿದ ರೈತನ ಚೀಟಿಯಲ್ಲಿ 'ರಸಸಾರ' ಎಂಬ ಸಾಲಿನೆದುರು ಅಂಕಿ ಇರುತ್ತದಲ್ಲ, ಆ ಮಾನ ಹುಟ್ಟಿದ್ದು ಈ ಬಿಯರ್ ಮನೆಯಲ್ಲಿ. ಹೆಂಡ ಮುಟ್ಟದವನ ಹೊಲಕ್ಕೂ ಕಾರ್ಲ್ಸ್‌ಬರ್ಗ್ ಹೀಗೆ ಬಂದು ಮುಟ್ಟಿದೆ.

ಅಪ್ಪನದು ಪ್ರಯೋಗಾಲಯದ ಹುಚ್ಚಾದರೆ ಮಗನದು ಕಲೆಯ ಹುಚ್ಚು. ಇಬ್ಬರಿಗೂ ಹೊಂದಲಿಲ್ಲ. ಬಿಯರನ್ನು ಮಾಳಿಗೆಯಲ್ಲಿ ಸಾಕಷ್ಟು ಕಾಲ ಇಡದೆ ಮಗ ಹೆಚ್ಚು ಹೆಚ್ಚು ಮಾರುತ್ತಿದ್ದಾನೆ ಎಂಬುದು ಅಪ್ಪನ ಸಿಟ್ಟು. ಕೊನೆಗೆ ಕಾರ್ಲ್ ಪಕ್ಕದಲ್ಲೇ 'ಹೊಸ ಕಾರ್ಲ್ಸ್‌ಬರ್ಗ್' ಕಟ್ಟಿದ. ನಡುವಿನ ರಸ್ತೆಗೆ ಅಪ್ಪ ಒಂದು ಹೆಸರು, ಮಗ ಇನ್ನೊಂದು ಹೆಸರು ಇಟ್ಟು ಇಬ್ಬರೂ ತಂತಮ್ಮ ಫಲಕ ನೆಟ್ಟರು! ರಾಜಿಯಾದದ್ದು 1886ರಲ್ಲಿ, ಮರುವರ್ಷವೇ ಅಪ್ಪ ತೀರಿಕೊಂಡ. ಕಾರ್ಖಾನೆಯ ಚಿಮಣಿಯೂ ಚೆಂದವಾಗಿರಲು ಸಾಧ್ಯ ಎಂದು ತೋರಿಸುವುದಕ್ಕಾಗಿಯೇ ಕಾರ್ಲ್ ತಿರುಚಿದ ಇಟ್ಟಿಗೆಯ ಚಿಮಣಿಯೊಂದನ್ನು ಎತ್ತಿಸಿದ. ತಾನು ಕೂಡಿಟ್ಟ ಗ್ರೀಕ್, ರೋಮನ್ ಶಿಲ್ಪಗಳಿಗಾಗಿ ಗ್ಲಿಪ್ಟೊಟೆಕ್ ವಸ್ತುಸಂಗ್ರಹಾಲಯ ತೆರೆದ. ಕಥೆಗಾರ ಆಂಡರ್ಸನ್ ಬರೆದ ಕಥೆಯ ಮತ್ಸ್ಯಕನ್ಯೆಯನ್ನು ಬ್ಯಾಲೆಯಾಗಿ ನೋಡಿ ಮನಸೋತು, ಶಿಲ್ಪಿ ಎಡ್ವರ್ಡ್ ಎರಿಕ್ಸೆನ್‌ನಿಂದ ಮೂರ್ತಿ ಮಾಡಿಸಿ ಊರಿಗೆ ಕೊಟ್ಟ. 1913ರಿಂದ ಅವಳು ಕಡಲಂಚಿನ ಬಂಡೆಯ ಮೇಲೆ ಕೂತಿದ್ದಾಳೆ. ಜಗತ್ತೆಲ್ಲ ಬಂದು ಫೋಟೊ ತೆಗೆಸಿಕೊಳ್ಳುವ ಆ ಮೂರ್ತಿಗಿಂತ ಚಿಮಣಿಯೇ ನನಗೆ ಮೆಚ್ಚು. ಹೊಗೆ ಬಿಡುವ ಕೊಳವೆಗೆ ಅಷ್ಟು ಅಲಂಕಾರ ಬೇಕೆಂದು ಯಾರೂ ಕೇಳಿರಲಿಲ್ಲ.

ಇನ್ನು ಈ ಕಂಪನಿಯ ಒಡೆತನ. 1876ರಲ್ಲಿ ಯಾಕೊಬ್ಸೆನ್ ಒಂದು ಪ್ರತಿಷ್ಠಾನ ಸ್ಥಾಪಿಸಿ, ಅದರ ಆಡಳಿತವನ್ನು ಡೆನ್ಮಾರ್ಕಿನ ವಿಜ್ಞಾನ ಅಕಾಡೆಮಿಯ ಐವರು ವಿದ್ವಾಂಸರ ಕೈಗಿಟ್ಟ. ಆಮೇಲೆ ತನ್ನ ಬ್ರೂವರಿಯನ್ನೇ ಅದಕ್ಕೆ ಬರೆದುಕೊಟ್ಟ. ಇಂದಿಗೂ ಕಂಪನಿಯ ಮತಾಧಿಕಾರದ ಹಿಡಿತ ಆ ಪ್ರತಿಷ್ಠಾನದ್ದೇ. ಲಾಭದ ಪಾಲು ಸಂಶೋಧನೆಗೆ ಹೋಗುತ್ತದೆ. ಯಾಕೊಬ್ಸೆನ್‌ನ ಸ್ವಂತ ಬಂಗಲೆ ಆತನ ಮಾತಿನಂತೆ ದೇಶದ ಹಿರಿಯ ವಿದ್ವಾಂಸರೊಬ್ಬರ ಗೌರವ ನಿವಾಸವಾಯಿತು. ಭೌತವಿಜ್ಞಾನಿ ನೀಲ್ಸ್ ಬೋರ್ 1932ರಿಂದ ಸಾಯುವವರೆಗೆ ಅಲ್ಲಿದ್ದ. ಬೋರ್ ಮನೆಗೆ ಕಾರ್ಖಾನೆಯಿಂದ ನೇರ ಬಿಯರ್ ಕೊಳಾಯಿ ಇತ್ತೆಂಬ ಕಥೆ ಬಾಯಿಂದ ಬಾಯಿಗೆ ಹರಿದಿದೆ. ಅದು ಕಥೆಯಾಗಿದ್ದರೂ ಬಾಯಿ ಚಪ್ಪರಿಸುವಂಥದ್ದೇ.

ಪ್ರಾಧ್ಯಾಪಕರು ಒಡೆಯರೆಂದು ವ್ಯಾಪಾರವೇನೂ ಸಾಧುವಾಗಲಿಲ್ಲ. 1968ರಲ್ಲಿ ಆಫ್ರಿಕಾದ ಮಲಾವಿಯಲ್ಲಿ ಡೆನ್ಮಾರ್ಕಿನಾಚೆಯ ಮೊದಲ ಬ್ರೂವರಿ ಎದ್ದಿತು. 1970ರಲ್ಲಿ ಎದುರಾಳಿ ಟ್ಯೂಬೋರ್ಗ್ ಜೊತೆ ಸೇರಿಕೊಂಡರು. 2008ರಲ್ಲಿ ಹೈನೆಕೆನ್ ಜೊತೆಗೂಡಿ ಬ್ರಿಟನ್ನಿನ ಸ್ಕಾಟಿಷ್ ಆಂಡ್ ನ್ಯೂಕ್ಯಾಸಲ್ ಕಂಪನಿಯನ್ನು ಕೊಂಡು ಹಂಚಿಕೊಂಡಾಗ ರಷ್ಯಾದ ಬಾಲ್ಟಿಕಾ ಬ್ರೂವರಿಯ ಹಿಡಿತ ಇವರ ಕೈಸೇರಿತು. ಅದು ದೊಡ್ಡ ಜೂಜು. ಯುಕ್ರೇನ್ ಯುದ್ಧದ ನಡುವೆ, 2023ರ ಜುಲೈನಲ್ಲಿ, ರಷ್ಯಾ ಸರ್ಕಾರ ಬಾಲ್ಟಿಕಾದ ಆಡಳಿತವನ್ನು ತಾನೇ ವಶಪಡಿಸಿಕೊಂಡಿತು. ಮರುವರ್ಷದ ಡಿಸೆಂಬರಿನಲ್ಲಿ ಕಾರ್ಲ್ಸ್‌ಬರ್ಗ್ ಅದನ್ನು ಮಾರಿ ಹೊರಬಂತು. ವಾಲ್ಬಿಯ ದೊಡ್ಡ ತೊಟ್ಟಿಗಳೂ 2008ರಲ್ಲೇ ನಿಂತವು; ಕೆಲಸ ಫ್ರೆಡೆರಿಸಿಯಾ ಊರಿಗೆ ಹೋಯಿತು. ಹಳೆಯ ಅಂಗಳದಲ್ಲಿ ಈಗ ಮನೆಗಳು, ಕಚೇರಿಗಳು.

ಬಿಯರಿನ ರುಚಿಯ ಮಾತು ಇನ್ನೂ ಆಡಿಲ್ಲ. ಹೊನ್ನಿನ ಬಣ್ಣ, ಮೊದಲ ಗುಟುಕಿಗೆ ಮಾಲ್ಟಿನ ತೆಳು ಸಿಹಿ, ಹಿಂದೆಯೇ ಹಾಪ್ಸ್‌ನ ಹಗುರ ಕಹಿ, ಆಮೇಲೆ ಏನೂ ಇಲ್ಲ. ಜಗಳವಾಡದ ಬಿಯರ್. ಮಲಾವಿಯಲ್ಲೂ ಕೋಪನ್‌ಹೇಗನ್ನಿನಲ್ಲೂ ಅದೇ ನಾಲಿಗೆಗೆ ಸಿಗಬೇಕೆಂದರೆ ಇಷ್ಟು ಮೆತ್ತಗಾಗಲೇಬೇಕೇನೋ. ಹಾನ್ಸೆನ್ ಹೆಕ್ಕಿದ ಆ ಒಂಟಿ ಕೋಶ ಬಿಯರನ್ನು ಕಾಯಿಲೆಯಿಂದ ಉಳಿಸಿತು. ಎಲ್ಲೆಡೆ ಒಂದೇ ರುಚಿ ಮಾರುವ ಜಾಗತಿಕ ವ್ಯಾಪಾರಕ್ಕೆ ದಾರಿ ತೆರೆದದ್ದೂ ಅದೇ. ಕೆಡದ ಬಿಯರ್ ಸಿಕ್ಕಿತು, ಬೆರಗುಗೊಳಿಸುವ ಬಿಯರ್ ಅಪರೂಪವಾಯಿತು. ಈ ಲೆಕ್ಕದಲ್ಲಿ ನಷ್ಟವೇ ಹೆಚ್ಚು ಎನ್ನಲಾರೆ, ಆದರೆ ನಷ್ಟವಿಲ್ಲ ಎನ್ನುವುದೂ ಆಗದು.

ಸೀಸೆಯ ಮೇಲೆ ಮಾತ್ರ ಕಣ್ಣಿಗೆ ಹಬ್ಬ ಇನ್ನೂ ಇದೆ. ಬಳ್ಳಿಯಂತೆ ಬಾಗುವ ಆ ಹಸಿರು ಅಕ್ಷರಗಳನ್ನು 1904ರಲ್ಲಿ ಬರೆದವನು ಥೋರ್ವಾಲ್ ಬಿಂದೆಸ್ಬೋಲ್. ಮಡಕೆ, ಬೆಳ್ಳಿ ಪಾತ್ರೆ, ಪುಸ್ತಕದ ಹೊದಿಕೆ ಎಲ್ಲಕ್ಕೂ ಕೈ ಹಾಕಿದ ದಿಟ್ಟ ಕಲಾವಿದ. ಆಮೇಲೆ ಬಂದವರು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದರೂ ಅವನ ಕೈಯ ತಿರುವು ಅಳಿದಿಲ್ಲ. ಮದ್ಯದ ಜಾಹೀರಾತಿಗೆ ನಿಷೇಧವಿರುವ ನಮ್ಮ ದೇಶದಲ್ಲಿ ಸೋಡಾದ ನೆಪದಲ್ಲಿ ಹೆಸರು ಮೆರೆಸುವುದು ಬಿಯರ್ ಕಂಪನಿಗಳ ಹಳೆಯ ಉಪಾಯ. ಆದರೆ ಬಿಂದೆಸ್ಬೋಲ್‌ನ ಅಕ್ಷರಕ್ಕೆ ಆ ನೆಪ ಬೇಕಿಲ್ಲ. ಒಳಗೆ ಏನಿದ್ದರೂ ಅದನ್ನು ನಿಂತು ನೋಡಬಹುದು.