ಮಂದ್ರಕ್ಕೆ ಎಷ್ಟು ಜಿಬಿ?

ಹೊಸನಗರದ ಹುಡುಗನೊಬ್ಬ ಕಳೆದ ವಾರ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ: "ಟ್ರಿಲಿಯನ್ ತಗಳ್ಲಾ, ಬ್ಯಾಡ್ದಾ ಸರ್?" ಮಂಡಿಗೆ ಹಾಕಿದ ಅಡಿಕೆಯ ದುಡ್ಡು ಕೈಗೆ ಬಂದಿದೆ, ಅಪ್ಪನನ್ನು ಹೇಗೋ ಒಪ್ಪಿಸಿದ್ದಾನೆ. ಸುತ್ತಲಿನ ಊರುಗಳ ಭಾವಗೀತೆ, ಭಜನೆ, ಶಾಲೆಯ ವಾರ್ಷಿಕೋತ್ಸವದ ಹಾಡುಗಳಿಗೆ ಮನೆಯಲ್ಲೇ ಟ್ರ್ಯಾಕ್ ಕಟ್ಟಿಕೊಡುವವನು ಅವನು. ಕೆಲಸ ಕೇಳಿದ್ದೇನೆ, ಒಳ್ಳೆಯ ಕಿವಿ. ಅವನಿಗೆ ಶುಕ್ರವಾರದೊಳಗೆ ಉತ್ತರ ಬೇಕು, ಈ ಅಂಕಣವೂ ಶುಕ್ರವಾರದೊಳಗೆ ಹೋಗಬೇಕು. ಉತ್ತರವನ್ನು ಇಲ್ಲೇ ಬರೆಯುತ್ತೇನೆ.

ಈ ಅಂಕಣ ಓದುತ್ತ ಬಂದವರಿಗೆ ಟ್ರಿಲಿಯನ್ ಹೊಸದಲ್ಲ. ಹೊಸಬರಿಗೆ ಹೇಳುವುದಾದರೆ, ಧ್ವನಿಮುದ್ರಿಸಿದ ಸ್ವರಗಳಿಂದ, ಅಂದರೆ ಸ್ಯಾಂಪಲ್‌ಗಳಿಂದ, ಕಂಪ್ಯೂಟರಿನಲ್ಲಿ ಬೇಸ್ ನುಡಿಸುವ ತಂತ್ರಾಂಶ ಅದು. ಸ್ಪೆಕ್ಟ್ರಸೋನಿಕ್ಸ್ ಕಂಪನಿ 2009ರಲ್ಲಿ ಹೊರತಂದದ್ದು, ಅದೇ ಕಂಪನಿಯ ಟ್ರಿಲಜಿಯ ಮುಂದಿನ ಹೆಜ್ಜೆ. ನಿಂತು ನುಡಿಸುವ ಮರದ ಬೇಸ್, ಎಲೆಕ್ಟ್ರಿಕ್ ಬೇಸ್, ಸಿಂಥ್ ಬೇಸ್ ಮೂರೂ ಒಂದೇ ಕಡೆ ಸಿಗುತ್ತವೆ. ಲೈಬ್ರರಿಯ ಗಾತ್ರ 34 ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ನೆಚ್ಚಿಕೊಂಡವರಿಗೆ ಇಳಿಸಿಕೊಳ್ಳಲು 23 ದಿನ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಟ್ಟರೆ ಇನ್ನೂ ಎಷ್ಟು ದಿನವೋ.

34 ಜಿಬಿಯಲ್ಲಿ ಇರುವುದೇನು? ಒಂದೇ ಸ್ವರವನ್ನು ಮೆಲ್ಲಗೆ ಮೀಟಿದ್ದು, ಹದವಾಗಿ ಮೀಟಿದ್ದು, ಬಲವಾಗಿ ಮೀಟಿದ್ದು. ಮತ್ತೆ ಅದೇ ಸ್ವರವನ್ನು ಅದೇ ಬಲದಲ್ಲಿ ಇನ್ನೊಮ್ಮೆ ಮೀಟಿದ್ದು, ಏಕೆಂದರೆ ಮನುಷ್ಯನ ಬೆರಳು ಎರಡು ಸಲ ಒಂದೇ ಥರ ತಂತಿಗೆ ಬೀಳುವುದಿಲ್ಲ. ಬೆರಳು ತೆಗೆದಾಗ ತಂತಿ ಫ್ರೆಟ್ಟಿಗೆ ತಾಗುವ ಸಣ್ಣ 'ಟಕ್'. ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದ ಜಾರು. ಗಾತ್ರ ದೊಡ್ಡದಾದಷ್ಟೂ ಗುಣ ಹೆಚ್ಚು ಎಂದು ಅಂಗಡಿಯವರು ಹೇಳುತ್ತಾರೆ. ಹಾಗೇನಿಲ್ಲ. ಪರೀಕ್ಷಿಸುವ ದಾರಿ ಸರಳ. ಒಂದೇ ಸ್ವರವನ್ನು ಸಮ ಲಯದಲ್ಲಿ ಎಂಟು ಸಲ ಒತ್ತಿ. ಎಂಟೂ ಅಚ್ಚು ಹೊಡೆದಂತೆ ಕೇಳಿದರೆ ಅಲ್ಲಿಗೇ ಬಿಡಿ. ಆಮೇಲೆ ಸ್ವರ ಹುಟ್ಟುವುದನ್ನು ಕೇಳುವ ಬದಲು ಮುಗಿಯುವುದನ್ನು ಕೇಳಿ. ಅಗ್ಗದ ಲೈಬ್ರರಿಗಳಲ್ಲಿ ಸ್ವರ ಹುಟ್ಟುವುದು ಸೊಗಸಾಗಿಯೇ ಇರುತ್ತದೆ, ಸಾಯುವಾಗ ಮಾತ್ರ ಸ್ವಿಚ್ ಆರಿಸಿದಂತೆ ಸಾಯುತ್ತದೆ.

ಇಲ್ಲಿ ಸ್ಯಾಂಪಲ್ ಬಿಟ್ಟು ಲೆಕ್ಕದಿಂದಲೇ ಸ್ವರ ಹುಟ್ಟಿಸುವ ಮಾಡೆಲಿಂಗ್ ಪಂಥದವರ ಜೊತೆಗಿನ ನನ್ನ ಹಳೆಯ ಲೆಕ್ಕ ಒಂದಿದೆ. ತಂತಿಯ ಕಂಪನವನ್ನು ಗಣಿತದಿಂದಲೇ ಹುಟ್ಟಿಸುವ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಅವರ ವಿಧಾನ 1983ರಲ್ಲೇ ಪ್ರಕಟವಾಯಿತು. 2016ರಲ್ಲಿ ಇದೇ ಪಂಥದ, ಐಕೆ ಮಲ್ಟಿಮೀಡಿಯಾದ ಮೋಡೋ ಬೇಸ್ ಬಂದಾಗ, ಇನ್ನು ಸ್ಯಾಂಪಲ್ ಲೈಬ್ರರಿಗಳ ಕಾಲ ಮುಗಿಯಿತು ಎಂದು ನನ್ನ ಗೆಳೆಯರೇ ಸಾರಿದರು. ಮುಗಿಯಲಿಲ್ಲ. ಜಾರಿನ ವಿಷಯದಲ್ಲಿ ಅವರ ಮಾತು ನಿಜ: ಅಲ್ಲಿ ತಂತಿಯೇ ಲೆಕ್ಕದಲ್ಲಿರುವುದರಿಂದ ಎಲ್ಲಿಂದ ಎಲ್ಲಿಗೆ ಬೇಕಾದರೂ ಜಾರಬಹುದು. ಸ್ಯಾಂಪಲ್ಲನ್ನು ಪಿಚ್ ವ್ಹೀಲ್ ತಿರುಗಿಸಿ ಎರಡು ಮೂರು ಸ್ವರ ದೂರ ಎಳೆದರೆ ಸ್ವರದ ಜೊತೆ ಮರದ ಮೈಯ ಅನುರಣನವೂ ಎಳೆದುಕೊಂಡು ಹೋಗಿ, ವಾದ್ಯವೇ ಕುಗ್ಗಿ ಹಿಗ್ಗಿದಂತೆ ಕೇಳುತ್ತದೆ. ಆದರೆ ವಿಳಂಬದ ಹಾಡಿನಲ್ಲಿ, ನಾಲ್ಕು ಮಾತ್ರೆ ನಿಲ್ಲಿಸಿದ ಒಂದೇ ಸ್ವರದಲ್ಲಿ, ಒಬ್ಬ ಮನುಷ್ಯ ಒಂದು ಮರದ ವಾದ್ಯವನ್ನು ಎದೆಗೊತ್ತಿ ನಿಂತಿದ್ದಾನೆ ಎಂಬ ಅನುಭವ ನನಗೆ ಇಂದಿಗೂ ಸ್ಯಾಂಪಲ್ಲಿನಿಂದಲೇ ಬಂದಿದೆ. ಭಾವಗೀತೆಗೆ ಬೇಕಾದದ್ದು ಆ ನಿಂತ ಸ್ವರ.

ಜಾರು ಅಂದಾಗ ಚರಣ್‌ಜಿತ್ ಸಿಂಗ್ ನೆನಪಾಗುತ್ತಾರೆ. ಮುಂಬಯಿಯ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ಡಿಸ್ಕೋ ತಾಳಕ್ಕೆ ಹತ್ತು ರಾಗಗಳನ್ನು ನುಡಿಸಿ ಒಂದು ರೆಕಾರ್ಡ್ ಹೊರತಂದರು. ಅದರಲ್ಲಿ ಬಳಸಿದ ರೋಲ್ಯಾಂಡ್ ಟಿಬಿ-303 ಬೇಸ್ ಗಿಟಾರಿನವರ ಬದಲಿಗೆ ಎಂದು ತಯಾರಾದ ಯಂತ್ರ. ಗಿಟಾರಿನಂತೆ ಅದು ಒಂದಿಷ್ಟೂ ಕೇಳುತ್ತಿರಲಿಲ್ಲ, ಕೆಲವೇ ವರ್ಷಗಳಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿತು. ಆದರೆ ಸ್ವರದಿಂದ ಸ್ವರಕ್ಕೆ ಜಾರುವ ಗುಣ ಆ ಯಂತ್ರಕ್ಕಿತ್ತು, ರಾಗಕ್ಕೆ ಬೇಕಾದದ್ದೂ ಅದೇ. ಆ ರೆಕಾರ್ಡನ್ನು ಇವತ್ತು ಕೇಳಿದರೂ ಬೇಸ್ ರಾಗದ ಒಳಗೇ ಓಡಾಡುತ್ತದೆ. ಅಸಲಿ ವಾದ್ಯದಂತೆ ಕೇಳುವುದೂ ನಮ್ಮ ಹಾಡಿಗೆ ಹೊಂದುವುದೂ ಬೇರೆ ಬೇರೆ ಗುಣಗಳು ಎಂದು ನಾನು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಇನ್ನೂ ಬರೆಯುತ್ತೇನೆ.

ನಮ್ಮಲ್ಲಿ ಮಂದ್ರ ಎಂದೂ ಇದ್ದಲ್ಲೇ ಗೂಟ ಹೊಡೆದು ಕೂತದ್ದಲ್ಲ. ತಬಲಾ ಜೋಡಿಯ ಡಗ್ಗದ ಮೇಲೆ ಅಂಗೈಯ ಬುಡ ಒತ್ತಿ ಸರಿಸುವಾಗ ಏಳುವ ಆ ಘುಂಕಾರವನ್ನು ಕೇಳಿ. ಭಾವಗೀತೆಯ ಬೇಸ್ ಅದೇ. ಅದು ಇರುವುದು ನೂರು ಹರ್ಟ್ಜ್‌ನ ಆಸುಪಾಸಿನಲ್ಲಿ. ಬೇಸ್ ಗಿಟಾರಿನ ಅತಿ ತೆಳುವಾದ ತಂತಿಯನ್ನು ಬಿಟ್ಟು ಮೀಟಿದರೆ 98 ಹರ್ಟ್ಜ್, ಅದರ ಕೆಳಗಿನದು 73. ಹಾಡುವ ಗಂಡಸಿನ ಮಂದ್ರವೂ ಅಲ್ಲೇ ಹತ್ತಿರ. ಮೂವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಮೂವರೂ ಒಟ್ಟಿಗೆ ಮಾತಾಡಿ ಎಂದರೆ ಹಾಡು ಕೆಸರಾಗುತ್ತದೆ. 'ಕಾಡು ಕುದುರೆ'ಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ಹುಟ್ಟಿದ್ದು ಇದೇ ಹೊಸನಗರ ತಾಲ್ಲೂಕಿನ ನಗರದಲ್ಲಿ. ಅಂಥ ದನಿಯ ಕೆಳಗೆ ಇಡೀ ಹೊತ್ತು ಬೇಸ್ ಗುಡುಗಿಸುವವರನ್ನು ನಾನು ಒಪ್ಪುವುದಿಲ್ಲ. ಡಗ್ಗ ಮಾತಾಡುವಾಗ ಬೇಸ್ ಸುಮ್ಮನಿರಲಿ. ಡಗ್ಗ ಉಸಿರು ತೆಗೆದುಕೊಂಡಾಗ ಬಂದು ಎರಡು ಸ್ವರ ಹೇಳಿ ಹೋಗಲಿ.

ಹೇಗೆ ಹೇಳಬೇಕೆಂದು ಕಲಿಯಬೇಕಾದರೆ ಶಂಕರ್ ನಾಗ್ ಅವರ 'ಗೀತಾ' (1981) ಮತ್ತು ಮಣಿರತ್ನಂ ಅವರ 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳ ಹಾಡುಗಳನ್ನು ಹೆಡ್‌ಫೋನ್ ಹಾಕಿ ಕೇಳಿ. ಎರಡೂ ಇಳಯರಾಜ. ಬೇಸ್ ಗಿಟಾರ್ ಬರೀ ಷಡ್ಜ ಪಂಚಮ ಎಣಿಸುತ್ತ ಕೂರುವುದಿಲ್ಲ, ಹಾಡಿನ ಕೆಳಗೆ ಇನ್ನೊಂದು ಹಾಡಾಗಿ ನಡೆಯುತ್ತದೆ. ಗಾಯಕರು ಮೇಲೇರುವಾಗ ಕೆಳಗಿಳಿಯುತ್ತದೆ, ಗಾಯಕರು ನಿಂತಾಗ ಮುಂದಿನ ಸಾಲಿಗೆ ದಾರಿ ತೋರಿಸುತ್ತದೆ. ವಾರಕ್ಕೊಂದು ಹಾಡಿನ ಬೇಸನ್ನು ಬಾಯಲ್ಲಿ ಹಾಡಲು ಕಲಿತರೆ ಯಾವ ಲೈಬ್ರರಿಯೂ ಕಲಿಸದ್ದು ಬರುತ್ತದೆ.

ಕೊಳ್ಳುವ ವಿಚಾರಕ್ಕೆ ಬರಬೇಕೆಂದಿದ್ದೆ. ಆದರೆ ಅದಕ್ಕಿಂತ ಮೊದಲು ಹೇಳಲೇಬೇಕಾದದ್ದು ಕೋಣೆಯ ಮಾತು. ಕೆಲವು ವರ್ಷದ ಹಿಂದೆ ನಾನು ಒಂದು ಬೇಸ್ ಪ್ಲಗಿನ್ ಕೊಂಡು, ಅದರ ಎಫ್ ಶಾರ್ಪ್ ಸ್ವರ ಮಾತ್ರ ವಿಪರೀತ ಗುಂಯ್‌ಗುಡುತ್ತದೆ ಎಂದು ತಿಂಗಳುಗಟ್ಟಲೆ ನೊಂದಿದ್ದೆ. ದೋಷ ಪ್ಲಗಿನ್ನಿನದಲ್ಲ. ಸಾಗರದಲ್ಲಿ ನಾನು ಕೂತು ಕೆಲಸ ಮಾಡುವ ತಾರಸಿಯ ಕೋಣೆ ಹನ್ನೆರಡು ಅಡಿ ಉದ್ದ. ಗಟ್ಟಿ ಗೋಡೆಗಳ ನಡುವಿನ ಹನ್ನೆರಡು ಅಡಿಯಲ್ಲಿ ಸುಮಾರು 47 ಹರ್ಟ್ಜ್‌ನ ಅಲೆ ಅಲ್ಲೇ ಸಿಕ್ಕಿಬಿದ್ದು ನಿಲ್ಲುತ್ತದೆ. ಎಫ್ ಶಾರ್ಪ್ 46. ನನ್ನ ಕುರ್ಚಿ ಹಿಂದಿನ ಗೋಡೆಗೆ ಒರಗಿತ್ತು, ಆ ಅಲೆಯ ಒತ್ತಡ ಅತಿ ಹೆಚ್ಚು ಇರುವ ಜಾಗದಲ್ಲಿ. ಕುರ್ಚಿಯನ್ನು ಕೋಣೆಯ ನಟ್ಟನಡುವೆ ಎಳೆದಾಗ ಅದೇ ಸ್ವರ ಮಾಯವಾಯಿತು. ಮೂಲೆಗಳಿಗೆ ಹತ್ತಿಯ ಹಾಸಿಗೆ ಒತ್ತರಿಸಿ ನೋಡಿದೆ. ಏಳು ಮೀಟರಿಗೂ ಉದ್ದದ ಅಲೆಗೆ ಹಾಸಿಗೆ ಏನೂ ಅಲ್ಲ. ಕೊನೆಗೆ ಮುಂದಿನ ಗೋಡೆಯಿಂದ ನಾಲ್ಕೂವರೆ ಅಡಿಗೆ ಕುರ್ಚಿ ಹಾಕಿದ ಮೇಲೆ ಕಿವಿ ಸಮಕ್ಕೆ ಬಂತು.

ಅದೇ ಹಾಡನ್ನು ತೀರ್ಥಹಳ್ಳಿಯ ಗೆಳೆಯರ ಹಳೆ ಮನೆಯಲ್ಲಿ ಹಾಕಿ ಕೇಳಿದಾಗ ಬೆರಗಾಯಿತು. ಮೇಲೆ ಮರದ ಮುಚ್ಚಿಗೆ, ಅದರ ಮೇಲೆ ಹಂಚಿನ ಮಾಡು. ಹಲಗೆಗಳು ತಾವೇ ಸ್ವಲ್ಪ ನಡುಗಿ ಮಂದ್ರದ ಹೆಚ್ಚಳವನ್ನು ಕುಡಿದುಬಿಡುತ್ತವೆ. ಯಾವ ಸ್ವರವೂ ಇನ್ನೊಂದರ ಮೇಲೆ ಬೀಳದೆ ಎಲ್ಲವೂ ಬಿಡಿಬಿಡಿಯಾಗಿ ಕೇಳಿದವು. ಸಾವಿರಾರು ರೂಪಾಯಿ ಸುರಿದು ಪಟ್ಟಣದ ಸ್ಟುಡಿಯೋಗಳು ಮಾಡಿಸಿಕೊಳ್ಳುವುದನ್ನು ನಮ್ಮ ಅಜ್ಜಂದಿರು ಅಡಿಕೆ ತುಂಬಿಡಲು ಅಟ್ಟ ಬೇಕೆಂದು ಕಟ್ಟಿಸಿಬಿಟ್ಟಿದ್ದರು. ಮುಚ್ಚಿಗೆ ಕಿತ್ತು ತಾರಸಿ ಹಾಕಿಸುವವರ ಬಳಿ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಹೊಸನಗರದ ಹುಡುಗನ ಕೋಣೆಯೂ ಹೊಸ ತಾರಸಿಯದೇ. ಅವನ ಹಾಡು ಕೇಳುವವರಲ್ಲಿ ಹೆಚ್ಚಿನವರು ಕೇಳುವುದು ಮೊಬೈಲಿನಲ್ಲಿ. ಅದರ ಪುಟ್ಟ ಸ್ಪೀಕರಿಗೆ ಬೇಸಿನ ಅತಿ ದಪ್ಪ ತಂತಿಯ 41 ಹರ್ಟ್ಜ್ ಹೊರಡಿಸುವ ಶಕ್ತಿಯೇ ಇಲ್ಲ. ಮೇಲಿನ ಅನುಸ್ವರಗಳನ್ನು ಹಿಡಿದು ಕಿವಿಯೇ ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ. ಹಾಗಾಗಿ ಮರದ ಗುಣ, ಬೆರಳಿನ ಗುಣ ಇರುವ ಸ್ಯಾಂಪಲ್ಲು ಮೊಬೈಲಿನಲ್ಲೂ ಉಳಿಯುತ್ತದೆ, ಬರೀ ಕೆಳಗಿನ ಗುಡುಗು ಉಳಿಯುವುದಿಲ್ಲ. ಇದು ಟ್ರಿಲಿಯನ್ನಿನ ಪರವಾದ ಮಾತು, ಒಪ್ಪುತ್ತೇನೆ. ಅದರ ಫ್ರೆಟ್ ಇಲ್ಲದ ಬೇಸ್ ನಮ್ಮ ಹಾಡಿಗೆ ಚೆನ್ನಾಗಿ ಒಗ್ಗುತ್ತದೆ ಎಂಬುದೂ ನನ್ನ ಅಭಿಪ್ರಾಯ.

ಆದರೂ ಈ ತಿಂಗಳು ಕೊಳ್ಳಬೇಡ ಎನ್ನುತ್ತೇನೆ. ಕುರ್ಚಿಯ ಜಾಗ ಸರಿಯಾಗಲಿ, ಒಳ್ಳೆಯ ಹೆಡ್‌ಫೋನ್ ಒಂದು ಬರಲಿ, ಈಗ ಕೈಯಲ್ಲಿರುವ ಬೇಸಿನಲ್ಲೇ ಮೂರು ಹಾಡು ಕಟ್ಟಲಿ. ಜಾರು ಸಾಲದೆ ಅವನ ಕೈ ಕಟ್ಟಿಹಾಕಿದಂತಾದರೆ ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ. ಭಾನುವಾರ ಸಾಗರಕ್ಕೆ ಬರುತ್ತಾನಂತೆ. ಲ್ಯಾಪ್‌ಟಾಪ್ ಬೇಡ, ತಬಲಾ ನುಡಿಸುವ ಗೆಳೆಯನನ್ನು ಕರೆದುಕೊಂಡು ಬಾ ಎಂದೆ. ಅವನು ಡಗ್ಗ ನುಡಿಸಲಿ, ಇವನು ಬೇಸನ್ನು ಬಾಯಲ್ಲಿ ಹಾಡಲಿ, ನಾನು ಕೇಳುತ್ತೇನೆ.