ಮಾಂತ್ರಿಕನ ಕುದುರೆಯ ಕೊನೆ: ಟೋಲ್ಕಿನ್ ಕಥನದಲ್ಲಿ ನಿಷ್ಠೆ ಮತ್ತು ಆಯಸ್ಸು

ಜನಪದ ಕಥನಗಳಲ್ಲಿ ನಾಯಕನ ಕುದುರೆಗೆ ಖಚಿತವಾದ ಕಾರ್ಯವಿದೆ, ಖಚಿತವಾದ ಅಂತ್ಯವಿಲ್ಲ. ಏಳು ಸಮುದ್ರ ದಾಟಿದ ನಾಯಕನು ಪಟ್ಟವೇರಿದ ಮೇಲೆ, ಅವನನ್ನು ಹೊತ್ತು ತಂದ ಕುದುರೆ ಏನಾಯಿತೆಂದು ಕಥೆಗಾರ ಹೇಳುವುದು ವಿರಳ. 1928ರಲ್ಲಿ ಪ್ರಕಟವಾದ ತನ್ನ ಅಧ್ಯಯನದಲ್ಲಿ ವ್ಲಾದಿಮಿರ್ ಪ್ರಾಪ್ ಗುರುತಿಸಿದ ಏಳು ಪಾತ್ರವಲಯಗಳಲ್ಲಿ ‘ಸಹಾಯಕ’ನದೂ ಒಂದು. ಕುದುರೆ ಸೇರುವುದು ಈ ವಲಯಕ್ಕೆ. ಕಾರ್ಯ ಮುಗಿದೊಡನೆ ಸಹಾಯಕನೂ ಕಥೆಯಿಂದ ಮರೆಯಾಗುತ್ತಾನೆ. ಈ ಕಥನನಿಯಮವು ಆಧುನಿಕ ಅದ್ಭುತ ಕಾದಂಬರಿಯಲ್ಲಿ ಹೇಗೆ ಮುಂದುವರಿಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದಕ್ಕೆ ಜೆ.ಆರ್.ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954-55) ಉತ್ತಮ ನಿದರ್ಶನ. ಅದರಲ್ಲಿನ ಮಾಂತ್ರಿಕ ಗ್ಯಾಂಡಾಲ್ಫನ ಕುದುರೆಯೇ ಶ್ಯಾಡೋಫ್ಯಾಕ್ಸ್.

ಶ್ಯಾಡೋಫ್ಯಾಕ್ಸ್ ರೋಹನ್ ನಾಡಿನ ‘ಮೆಯಾರಸ್’ ಎಂಬ ಕುದುರೆಕುಲಕ್ಕೆ ಸೇರಿದುದು. ಕೃತಿಯ ಅನುಬಂಧದಲ್ಲಿ ಈ ಕುಲದ ಮೂಲಕಥೆಯಿದೆ. ಕಾಡಿನಿಂದ ಮರಿಯಾಗಿದ್ದಾಗಲೇ ಹಿಡಿದು ತಂದ ಬಿಳಿ ಕುದುರೆಯನ್ನು ಪಳಗಿಸಲು ಹೋಗಿ ಲಿಯೋಡ್ ಎಂಬ ಒಡೆಯ ಬಿದ್ದು ಸಾಯುತ್ತಾನೆ. ಹದಿನಾರು ವರ್ಷದ ಮಗ ಎಯೋರ್ಲ್ ಆ ಕುದುರೆಯನ್ನು ಕೊಲ್ಲುವುದಿಲ್ಲ. ತಂದೆಯ ಸಾವಿಗೆ ಪರಿಹಾರವಾಗಿ ಅದರ ಸ್ವಾತಂತ್ರ್ಯವನ್ನೇ ಕೇಳುತ್ತಾನೆ. ಫೆಲರೋಫ್ ಎಂದು ಹೆಸರಾದ ಆ ಕುದುರೆ ಒಪ್ಪಿ ತಲೆಬಾಗುತ್ತದೆ, ಲಗಾಮಿಲ್ಲದೆ ಅವನನ್ನು ಹೊರುತ್ತದೆ. ಹೀಗೆ ಈ ಕುಲದ ನಿಷ್ಠೆಯ ಮೂಲ ಪಳಗಿಸುವಿಕೆಯಲ್ಲಿಲ್ಲ, ಋಣದಲ್ಲಿದೆ.

ಆಯಸ್ಸಿನ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಫೆಲರೋಫ್ ಮತ್ತು ಅದರ ಸಂತತಿ ಮನುಷ್ಯರಷ್ಟೇ ಕಾಲ ಬದುಕುತ್ತಿದ್ದವೆಂದು ಅನುಬಂಧ ಹೇಳುತ್ತದೆ. ಕಥೆಯ ಕಾಲಗಣನೆಯಲ್ಲಿ ಲಿಯೋಡ್ ಸಾಯುವುದು 2501ರಲ್ಲಿ, ಎಯೋರ್ಲ್ ಯುದ್ಧದಲ್ಲಿ ಮಡಿಯುವುದು 2545ರಲ್ಲಿ. ಅವನ ದಿಬ್ಬದಲ್ಲಿಯೇ ಫೆಲರೋಫನ್ನೂ ಇಡಲಾಯಿತು. ಅಂದರೆ ಆ ಕುದುರೆ ನಲವತ್ತನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಬದುಕಿತು; ಸಾಮಾನ್ಯ ಕುದುರೆಯ ಆಯಸ್ಸು 25ರಿಂದ 30 ವರ್ಷ. ಇಲ್ಲಿ ದೀರ್ಘಾಯಸ್ಸು ಪವಾಡವಾಗಿ ಬಂದಿಲ್ಲ, ಸವಾರನೂ ಕುದುರೆಯೂ ಒಟ್ಟಿಗೆ ಬಾಳುವ ಸಮತೂಕವಾಗಿ ಬಂದಿದೆ.

ಶ್ಯಾಡೋಫ್ಯಾಕ್ಸ್‌ನ ವಿಷಯದಲ್ಲಿ ಈ ಸಮತೂಕ ತಪ್ಪುತ್ತದೆ. ಅರಸನನ್ನೂ ಅರಸುಮಕ್ಕಳನ್ನೂ ಬಿಟ್ಟರೆ ಬೇರಾರನ್ನೂ ಹೊರದ ಕುಲದ ಈ ಕುದುರೆ ಮೊದಲ ಬಾರಿಗೆ ಹೊರಗಿನವನೊಬ್ಬನನ್ನು ಹೊರುತ್ತದೆ. ಆ ಹೊರಗಿನವನು ಮನುಷ್ಯನೇ ಅಲ್ಲ. ಮುದುಕನ ರೂಪ ತೊಟ್ಟು ಕಡಲಾಚೆಯಿಂದ ಬಂದ ಅಮರಚೇತನ. ಮನುಷ್ಯನಷ್ಟು ಆಯಸ್ಸುಳ್ಳ ಕುದುರೆ ಸಾವಿಲ್ಲದ ಸವಾರನಿಗೆ ಒಲಿದರೆ ಅದರ ಗತಿಯೇನು?

ಕಾದಂಬರಿ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಹಡಗುಕಟ್ಟೆಯ ಮೇಲೆ ದೊಡ್ಡದೊಂದು ಬೂದು ಕುದುರೆಯ ಪಕ್ಕದಲ್ಲಿ ಬಿಳಿಯುಡುಗೆಯ ಗ್ಯಾಂಡಾಲ್ಫ್ ನಿಂತಿರುವುದಷ್ಟೇ ಕಾಣುತ್ತದೆ. ಹಡಗು ಹೊರಡುತ್ತದೆ; ಕುದುರೆಯ ಮಾತು ಮತ್ತೆ ಬರುವುದಿಲ್ಲ. 1965ರ ಪತ್ರವೊಂದರಲ್ಲಿ ಟೋಲ್ಕಿನ್, ಗ್ರಂಥದಲ್ಲಿ ಹೇಳಿಲ್ಲವಾದರೂ ಶ್ಯಾಡೋಫ್ಯಾಕ್ಸ್ ಅವನೊಂದಿಗೆ ಹೋಯಿತೆಂದೇ ತಮ್ಮ ಅಭಿಪ್ರಾಯವೆಂದರು. ಅದರ ರಕ್ತವೇ ಪಶ್ಚಿಮದ ಕಡಲಾಚೆಯಿಂದ ಬಂದುದರಿಂದ ಅದು ಅನುಚಿತವಲ್ಲವೆಂಬುದು ಅವರ ವಾದ. ಆದರೆ ಈ ಉತ್ತರ ಒಡನಾಟದ ಪ್ರಶ್ನೆಯನ್ನು ಮಾತ್ರ ಬಗೆಹರಿಸುತ್ತದೆ, ಆಯಸ್ಸಿನದನ್ನಲ್ಲ. ಆ ನಾಡಿಗೆ ಹೋದ ಮರ್ತ್ಯರಿಗೆ ಅಮರತ್ವ ದೊರೆಯದೆಂದು ಟೋಲ್ಕಿನ್ ಅವರೇ ಬೇರೆ ಪತ್ರಗಳಲ್ಲಿ ಸ್ಪಷ್ಟಪಡಿಸಿದ್ದಾರೆ. ಆ ತರ್ಕದಂತೆ ಶ್ಯಾಡೋಫ್ಯಾಕ್ಸ್ ಅಲ್ಲಿಯೂ ಒಂದು ದಿನ ಸಾಯಲೇಬೇಕು. ಅದಕ್ಕೆ ದೊರೆತುದು ಸಾವಿನಿಂದ ಬಿಡುಗಡೆಯಲ್ಲ, ಅಗಲಿಕೆಯಿಂದ ಬಿಡುಗಡೆ.

ಭಾರತೀಯ ಪರಂಪರೆಯೊಡನೆ ಹೋಲಿಸಿದಾಗ ಈ ಅಂಶದ ವೈಶಿಷ್ಟ್ಯ ತಿಳಿಯುತ್ತದೆ. ಜಾತಕದ ನಿದಾನಕಥೆಯಲ್ಲಿ ಸಿದ್ಧಾರ್ಥನ ಕುದುರೆ ಕಂಥಕ ಅಗಲಿಕೆಯ ದುಃಖದಿಂದಲೇ ಸತ್ತು ದೇವಲೋಕದಲ್ಲಿ ಹುಟ್ಟುತ್ತದೆ. ಮಹಾಪ್ರಸ್ಥಾನದಲ್ಲಿ ಧರ್ಮರಾಯನನ್ನು ಹಿಂಬಾಲಿಸಿದ ನಾಯಿ ಯಮಧರ್ಮನಾಗಿ ಬದಲಾಗುತ್ತದೆ. ಎರಡರಲ್ಲಿಯೂ ಪ್ರಾಣಿ ಪ್ರಾಣಿಯಾಗಿಯೇ ಉಳಿದು ಆಚೆ ಲೋಕವನ್ನು ಸೇರುವುದಿಲ್ಲ. ಶ್ಯಾಡೋಫ್ಯಾಕ್ಸ್ ಮಾತ್ರ ಕುದುರೆಯಾಗಿಯೇ ಹಡಗೇರುತ್ತದೆ. ಇದಕ್ಕೆ ಪ್ರತಿಯಾಗಿ, ಅದೇ ಕಾದಂಬರಿಯ ಥಿಯೋಡೆನ್ ಅರಸನ ಕುದುರೆ ಸ್ನೋಮೇನ್ ಯುದ್ಧದಲ್ಲಿ ಒಡೆಯನ ಮೇಲೆಯೇ ಬಿದ್ದು ಅವನ ಸಾವಿಗೆ ಕಾರಣವಾಗುತ್ತದೆ. ಆದರೂ ಅದಕ್ಕೆ ಸಮಾಧಿಯೂ ಶಾಸನವೂ ದೊರೆಯುತ್ತವೆ. ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿದ ಹತ್ತನೆಯ ಶತಮಾನದ ಆತಕೂರು ಶಾಸನವನ್ನು ಬಲ್ಲ ಕನ್ನಡ ಓದುಗರಿಗೆ ಈ ಭಾವ ಅಪರಿಚಿತವಲ್ಲ.

ಟೋಲ್ಕಿನ್ ಬರೆದು ಕೈಬಿಟ್ಟ, 1992ರಲ್ಲಿ ಪ್ರಕಟವಾದ ಉಪಸಂಹಾರದಲ್ಲಿ ಈ ಪ್ರಶ್ನೆ ಬೇರೆ ಬಗೆಯಲ್ಲಿ ಎದುರಾಗುತ್ತದೆ. ಅಲ್ಲಿ ಸ್ಯಾಮ್ ಮನೆಯ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸುತ್ತ, ಗ್ಯಾಂಡಾಲ್ಫ್ ಆ ಕುದುರೆಯನ್ನು ಬಿಟ್ಟುಹೋಗಲು ಸಾಧ್ಯವೇ ಇರಲಿಲ್ಲವೆನ್ನುತ್ತಾನೆ. ಕಥೆ ಮುಗಿದ ಮೇಲೂ ‘ಆಮೇಲೆ ಕುದುರೆ ಏನಾಯಿತು?’ ಎಂದು ಕೇಳುವ ಮಕ್ಕಳು ಮೌಖಿಕ ಪರಂಪರೆಯ ಕೇಳುಗರೇ ಆಗಿದ್ದಾರೆ. ಕಥನನಿಯಮ ಮರೆಯುವ ಸಹಾಯಕನನ್ನು ಕೇಳುಗರು ಮರೆಯುವುದಿಲ್ಲ. ಆಶಯಸೂಚಿಗಳಲ್ಲಿ ನೆರವಿನ ಕುದುರೆಗೆ ಒಂದು ಸಂಖ್ಯೆ ಕೊಟ್ಟು ಮುಂದೆ ಸಾಗುವ ಅಧ್ಯಯನಗಳು ಕೇಳುಗರ ಈ ಪ್ರಶ್ನೆಯನ್ನೂ ಕಥೆಯ ಭಾಗವಾಗಿ ದಾಖಲಿಸಬೇಕಾಗಿದೆ.